ಟೂ-ಟೂ ಬಂದವರಿಗೆ ಮೆಡಿಕಲ್ ಸೀಟು ಸಿಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಇಂಗ್ಲೆಂಡಿನ ಸ್ಲೌಗೆ ಬಂದು ಇಪ್ಪತ್ತೈದು ವರ್ಷ ಆಯಿತು. ಮಗಳು ಇಲ್ಲೇ ಹುಟ್ಟಿದವಳು. ಈ ಬೇಸಿಗೆಯಲ್ಲಿ ಬಯೋಮೆಡಿಕಲ್ ಸೈನ್ಸ್ ಡಿಗ್ರಿ ಮುಗಿಸಿದಳು. ಬಂದಿದ್ದು 58 ಪರ್ಸೆಂಟ್, ಅಂದರೆ 2:2. ಎರಡನೇ ವರ್ಷದಲ್ಲಿ ನಮ್ಮ ಯಜಮಾನರಿಗೆ ಬೈಪಾಸ್ ಆಯಿತು. ಆಗ ಅವಳು ಮನೆ, ಆಸ್ಪತ್ರೆ ಅಂತ ಓಡಾಡಿದ್ದೇ ಓಡಾಡಿದ್ದು. ಡಾಕ್ಟರ್ ಆಗಬೇಕು ಅನ್ನುವುದು ಚಿಕ್ಕಂದಿನ ಆಸೆ. ಡಿಗ್ರಿ ಆದವರಿಗಾಗಿ ಇರುವ ನಾಲ್ಕು ವರ್ಷದ ಮೆಡಿಸಿನ್ ಕೋರ್ಸಿಗೆ 2:1 ಇಲ್ಲದಿದ್ದರೆ ಅರ್ಜಿಯನ್ನೇ ನೋಡಲ್ಲ ಅಂತ ಅವಳ ಗೆಳತಿಯರು ಹೇಳುತ್ತಾರೆ. ಒಂದು ಮಾಸ್ಟರ್ಸ್ ಮಾಡಿಸಿಬಿಡಿ, ಸರಿ ಹೋಗುತ್ತೆ ಅಂತ ನಮ್ಮ ನೆಂಟರು ಹೇಳುತ್ತಾರೆ. ಮಾಡಿಸಲಾ? ಅಪ್ಪನ ಕಾಯಿಲೆ ವಿಷಯ ಅರ್ಜಿಯಲ್ಲಿ ಬರೆಯಬಹುದಾ?

ಉತ್ತರ: ಮೊದಲು ಊರಿನವರಿಗಾಗಿ ಒಂದು ಮಾತು. ಕರ್ನಾಟಕದಲ್ಲಿ 60 ಬಂದರೆ ಫಸ್ಟ್ ಕ್ಲಾಸ್. ಇಲ್ಲಿ ಫಸ್ಟ್ ಬೇಕಾದರೆ 70 ಬರಬೇಕು. 60ರಿಂದ 69ಕ್ಕೆ 2:1, 50ರಿಂದ 59ಕ್ಕೆ 2:2. ಹಾಗಾಗಿ ಇಲ್ಲಿನ 58 ಅಷ್ಟೇನೂ ಕಳಪೆಯಲ್ಲ. ಇಲ್ಲಿನ ಹುಡುಗರು 2:2ಗೆ ತಮಾಷೆಯಾಗಿ 'ಡೆಸ್ಮಂಡ್' ಅನ್ನುತ್ತಾರೆ. ದಕ್ಷಿಣ ಆಫ್ರಿಕಾದ ಬಿಷಪ್ ಡೆಸ್ಮಂಡ್ ಟುಟು ಇದ್ದರಲ್ಲ, ಅವರ ಹೆಸರಿನ ಕೊನೆ ಟೂ-ಟೂ ಅಂತ ಕೇಳಿಸುತ್ತದೆ, ಅದಕ್ಕೆ. ಇಷ್ಟು ಜನಕ್ಕೆ ಬರುವ ಅಂಕ ಅಂದಮೇಲೇ ಅಲ್ವಾ ಅದಕ್ಕೊಂದು ಅಡ್ಡಹೆಸರು ಹುಟ್ಟಿದ್ದು?

ಗೆಳತಿಯರು ಹೇಳಿದ್ದು ಅರ್ಧ ನಿಜ. ಹೆಚ್ಚಿನ ಮೆಡಿಕಲ್ ಸ್ಕೂಲುಗಳು 2:1 ಕೇಳುತ್ತವೆ, ಇಲ್ಲದಿದ್ದರೆ ಕಂಪ್ಯೂಟರ್ರೇ ಅರ್ಜಿಯನ್ನು ಪಕ್ಕಕ್ಕಿಡುತ್ತದೆ. ಅಲ್ಲಿ ಎಷ್ಟು ಚೆನ್ನಾಗಿ ಬರೆದರೂ ಓದುವವರಿಲ್ಲ. ಆದರೆ ಎಲ್ಲ ಕಡೆ ಹಾಗಿಲ್ಲ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಡರ್ಬಿಯಲ್ಲಿ ನಡೆಸುವ ನಾಲ್ಕು ವರ್ಷದ ಕೋರ್ಸ್ 2003ರಲ್ಲಿ ಶುರುವಾಯಿತು. ಯಾವುದೇ ವಿಷಯದಲ್ಲಿ 2:2 ಇದ್ದವರನ್ನೂ ಒಳಗೆ ಬಿಟ್ಟುಕೊಳ್ಳುವ ಜಾಗ ಅಂತಲೇ ಅದಕ್ಕೆ ಹೆಸರು. ಸ್ವಾನ್‌ಸಿ ಮತ್ತು ವಾರಿಕ್ ವಿಶ್ವವಿದ್ಯಾಲಯಗಳದು ಬೇರೆ ದಾರಿ. 2:2 ಜೊತೆಗೆ ಮಾಸ್ಟರ್ಸ್ ಅಥವಾ ಪಿಎಚ್‌ಡಿ ಇದ್ದರೆ ಅಲ್ಲಿ ಅರ್ಜಿ ಹಾಕಬಹುದು. ಸಮುದ್ರ ದಾಟಿ ಐರ್ಲೆಂಡಿಗೆ ಹೋಗೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಬೇಡ ಅನ್ನಿ. ಅಲ್ಲಿ ಮೊದಲ ಡಿಗ್ರಿಯಲ್ಲೇ 2:1 ಬೇಕು. ಆಮೇಲೆ ಎಷ್ಟು ಓದಿದರೂ ಅದು ಸರಿಹೋಗಲ್ಲ. ಈ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷದ ಕೋರ್ಸ್ ಪುಟವನ್ನು ಮಗಳೇ ಕೂತು ಓದಲಿ. ಅನುಮಾನ ಇದ್ದರೆ ಅಡ್ಮಿಷನ್ ಆಫೀಸಿಗೆ ಈಮೇಲ್ ಹಾಕಿ ಬರಹದಲ್ಲೇ ಉತ್ತರ ತರಿಸಿಕೊಳ್ಳಲಿ.

ಈ 2:2 ಅನ್ನುವುದು ಬಾಗಿಲಲ್ಲಿ ನೋಡುವ ಟಿಕೆಟ್ ಇದ್ದಹಾಗೆ. ಒಳಗೆ ಹೋದಮೇಲೆ ಅದನ್ನು ಯಾರೂ ಅಷ್ಟಾಗಿ ಕೇಳಲ್ಲ. ಇಂಟರ್‌ವ್ಯೂಗೆ ಯಾರನ್ನು ಕರೆಯಬೇಕು ಅನ್ನುವುದು ಹೆಚ್ಚಾಗಿ ಎಂಟ್ರೆನ್ಸ್ ಪರೀಕ್ಷೆಯ ಅಂಕದ ಮೇಲೆ ನಿಂತಿರುತ್ತದೆ. ನಾನೂ ಕೆಲವು ವರ್ಷ ಇಂಟರ್‌ವ್ಯೂ ಮಾಡಲು ಕೂತಿದ್ದೇನೆ. ಸಣ್ಣ ಸಣ್ಣ ಕೊಠಡಿ, ಒಂದೊಂದರಲ್ಲೂ ಕೆಲವೇ ನಿಮಿಷ, ಗಂಟೆ ಹೊಡೆದರೆ ಮುಂದಿನ ಕೊಠಡಿ. ಎದುರಿಗೆ ಕೂತವರ ಡಿಗ್ರಿ ಅಂಕ ನನ್ನ ಕೈಯಲ್ಲಿ ಇರುತ್ತಲೇ ಇರಲಿಲ್ಲ. ಕೋಪದಲ್ಲಿರುವ ರೋಗಿಯ ಜೊತೆ ಹೇಗೆ ಮಾತಾಡುತ್ತಾರೆ, ತಪ್ಪಾದಾಗ ಒಪ್ಪಿಕೊಳ್ಳುತ್ತಾರಾ, ಇಷ್ಟು ನೋಡುವುದು ನನ್ನ ಕೆಲಸ.

ಹಾಗಾಗಿ ಮಗಳ ಶಕ್ತಿಯೆಲ್ಲ ಪರೀಕ್ಷೆಗೆ ಹೋಗಲಿ. ಎರಡು ಪರೀಕ್ಷೆ ಇವೆ. ಯುಕ್ಯಾಟ್ ಅನ್ನುವುದು ವೇಗದ ಆಟ. ಓದಿ ಅರ್ಥ ಮಾಡಿಕೊಳ್ಳುವುದು, ತರ್ಕ, ಲೆಕ್ಕ, ಎಲ್ಲವೂ ಗಡಿಯಾರ ನೋಡಿಕೊಂಡು. 2025ರಿಂದ ಆಕೃತಿಗಳ ಭಾಗ ತೆಗೆದುಹಾಕಿದ್ದಾರೆ. ಹಾಗಾಗಿ ಈಗ ಒಟ್ಟು 2700, ಜೊತೆಗೆ ನಡವಳಿಕೆಯ ಪ್ರಶ್ನೆಗಳಿಗೆ ಬೇರೆ ದರ್ಜೆ. ಹಳೆಯ 3600ರ ಲೆಕ್ಕ ಹೇಳುವ ಪುಸ್ತಕ ಮನೆಯಲ್ಲಿದ್ದರೆ ಅದನ್ನು ನಂಬಬೇಡಿ. ಒಂದು ವರ್ಷಕ್ಕೆ ಒಂದೇ ಸಲ ಬರೆಯಲು ಬಿಡುತ್ತಾರೆ. ಇನ್ನೊಂದು ಗ್ಯಾಮ್ಸ್ಯಾಟ್. ಇದು ಉದ್ದದ ಪರೀಕ್ಷೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಸಾಹಿತ್ಯ-ಸಮಾಜದ ಬರಹಗಳ ಮೇಲೆ ಪ್ರಶ್ನೆ, ಎರಡು ಪ್ರಬಂಧ, ಆಮೇಲೆ ವಿಜ್ಞಾನ. ವಿಜ್ಞಾನದಲ್ಲಿ ಬಯಾಲಜಿ 40, ಕೆಮಿಸ್ಟ್ರಿ 40, ಫಿಸಿಕ್ಸ್ 20 ಪರ್ಸೆಂಟ್. ಬಯೋಮೆಡ್ ಓದಿದವರು ಎಡವುವುದು ಸಾಮಾನ್ಯವಾಗಿ ಫಿಸಿಕ್ಸ್‌ನಲ್ಲಿ ಮತ್ತು ಪ್ರಬಂಧದಲ್ಲಿ. ಬಯಾಲಜಿ ಗೊತ್ತಿದೆ ಅಂತ ಮತ್ತೆ ಮತ್ತೆ ಅದನ್ನೇ ಓದುತ್ತಾ ಕೂರುವವರು ಜಾಸ್ತಿ. ಎರಡು ಪರೀಕ್ಷೆಯದೂ ಮಾದರಿ ಪೇಪರ್ ಒಂದೊಂದು ಬರೆದು ನೋಡಲಿ. ಯಾವುದು ಅವಳ ಕೈಗೆ ಹತ್ತುತ್ತದೋ ಅದನ್ನು ಕೇಳುವ ಸ್ಕೂಲುಗಳನ್ನು ಆಮೇಲೆ ಆರಿಸಲಿ. ನಮ್ಮವರು ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ. ಮೊದಲು ದೊಡ್ಡ ಹೆಸರಿನ ಸ್ಕೂಲ್ ಆರಿಸಿ, ಆಮೇಲೆ ಮಗುವನ್ನು ಆ ಪರೀಕ್ಷೆಗೆ ತಳ್ಳುತ್ತಾರೆ.

ಈಗ ಮಾಸ್ಟರ್ಸ್. ಸುಮ್ನೆ ಕಲೆ ತೊಳೆಯಲು ಅಂತ ಮಾಸ್ಟರ್ಸ್ ಮಾಡಿಸಬೇಡಿ. ಅದು ಎಲ್ಲ ಬಾಗಿಲನ್ನೂ ತೆರೆಯಲ್ಲ, ತೆರೆಯುವುದು ಒಂದೆರಡನ್ನು ಮಾತ್ರ. ಸರ್ಕಾರ ಕೊಡುವ ಮಾಸ್ಟರ್ಸ್ ಸಾಲ ಸುಮಾರು 13 ಸಾವಿರ ಪೌಂಡ್. ಫೀಸು, ಬಾಡಿಗೆ ಎರಡೂ ಅದರಲ್ಲಿ ಮುಗಿಯುವುದು ಕಷ್ಟ. ಆ ವಿಷಯದಲ್ಲಿ ಅವಳಿಗೆ ನಿಜವಾಗಿ ಆಸಕ್ತಿ ಇದ್ದು, ಸ್ವಾನ್‌ಸಿ ಅಥವಾ ವಾರಿಕ್ ಅವಳ ಪಟ್ಟಿಯಲ್ಲಿ ಇದ್ದರೆ ಮಾಡಲಿ. ಹಾಗಿದ್ದರೂ ಅರ್ಜಿ ಹಾಕುವ ಹೊತ್ತಿಗೆ ಮಾಸ್ಟರ್ಸ್ ಮುಗಿದಿರಬೇಕಾ, ಓದುತ್ತಿದ್ದರೆ ಸಾಕಾ ಅಂತ ಮೊದಲೇ ಕೇಳಿಕೊಳ್ಳಿ. ಇದನ್ನು ಕೇಳದೆ ಒಂದು ವರ್ಷ ಕಳೆದುಕೊಂಡವರು ನನಗೆ ಗೊತ್ತು.

ಅದರ ಬದಲು ಈ ವರ್ಷ ಆಸ್ಪತ್ರೆಯಲ್ಲೋ ಕೇರ್ ಹೋಮಿನಲ್ಲೋ ಹೆಲ್ತ್‌ಕೇರ್ ಅಸಿಸ್ಟೆಂಟ್ ಕೆಲಸಕ್ಕೆ ಸೇರಲಿ. ಡಿಗ್ರಿ ಮಾಡಿದ ಮಗಳು ರೋಗಿಗಳಿಗೆ ಸ್ನಾನ ಮಾಡಿಸುವುದಾ ಅಂತ ನೆಂಟರು ಮೂಗು ಮುರಿಯಬಹುದು. ಮುರಿಯಲಿ. ಸಂಬಳ ಬರುತ್ತದೆ, ಇಂಟರ್‌ವ್ಯೂನಲ್ಲಿ ಹೇಳಲು ಸ್ವಂತ ಅನುಭವ ಇರುತ್ತದೆ, ಈ ಕೆಲಸ ತನಗೆ ನಿಜಕ್ಕೂ ಬೇಕಾ ಅನ್ನುವುದೂ ಅವಳಿಗೇ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದ ಅರ್ಜಿಗಳನ್ನು ತೆಗೆದುಕೊಳ್ಳುವ ಯುಕಾಸ್ ಸಂಸ್ಥೆಯಲ್ಲಿ ಮೆಡಿಸಿನ್‌ಗೆ ಕೊನೆಯ ದಿನ ಅಕ್ಟೋಬರ್ 15. ಈ ಸಲವೇ ಹಾಕಿಬಿಡೋಣ ಅಂತ ಅವಸರ ಮಾಡಬೇಡಿ. ಮೆಡಿಸಿನ್‌ಗೆ ಇರುವುದು ನಾಲ್ಕೇ ಆಯ್ಕೆ. ತಯಾರಿ ಇಲ್ಲದೆ ಬರೆದ ಪರೀಕ್ಷೆಯ ಅಂಕ ಹಿಡಿದು ನಾಲ್ಕನ್ನೂ ಹಾಳು ಮಾಡುವುದಕ್ಕಿಂತ ಮುಂದಿನ ಅಕ್ಟೋಬರ್ ಮೇಲು.

ಯಜಮಾನರ ಬೈಪಾಸ್ ವಿಷಯ ಅರ್ಜಿಯ ಬರಹದಲ್ಲಿ ಅಂಕಕ್ಕೆ ಸಮಜಾಯಿಷಿಯಾಗಿ ಬರಬಾರದು. ಮೆಡಿಕಲ್ ಸ್ಕೂಲುಗಳು ಹೆಚ್ಚಾಗಿ ಕೈಗೆ ಬಂದ ದರ್ಜೆಯನ್ನಷ್ಟೇ ನೋಡುತ್ತವೆ. ಕಷ್ಟ ಇತ್ತು ಅಂತ ಹೇಳಬೇಕಾದ್ದು ಅವಳು ಓದಿದ ವಿಶ್ವವಿದ್ಯಾಲಯಕ್ಕೆ, ಅದೂ ಆಗಲೇ. ಆಗ ಹೇಳಿದ್ದಳಾ? ಹೇಳಿಲ್ಲದಿದ್ದರೆ ಮೇಲ್ಮನವಿಗೆ ಇನ್ನೂ ಸಮಯ ಇದೆಯಾ ಅಂತ ಇವತ್ತೇ ಫೋನ್ ಮಾಡಲಿ. ಗಡುವು ತೀರಾ ಚಿಕ್ಕದಿರುತ್ತದೆ. ರೆಫರೆನ್ಸ್ ಬರೆಯುವ ಮೇಷ್ಟರು ಒಂದು ಸಾಲು ಸೇರಿಸಿದರೆ ಒಳ್ಳೆಯದು. ಆದರೆ ಅಪ್ಪನನ್ನು ನೋಡಿಕೊಳ್ಳುವಾಗ ವಾರ್ಡಿನಲ್ಲಿ ಅವಳು ಕಂಡದ್ದು ಬೇರೆ ಮಾತು, ಅದನ್ನು ಧಾರಾಳವಾಗಿ ಬರೆಯಲಿ.

ಕೊನೆಗೆ ದುಡ್ಡು. ಇದನ್ನು ಯಾರೂ ಮೊದಲು ಹೇಳಲ್ಲ. 'ಐದು ವರ್ಷದ ಸಾಮಾನ್ಯ ಕೋರ್ಸಿಗೂ ಒಂದು ಅರ್ಜಿ ಇರಲಿ' ಅನ್ನುವ ಮುಂಚೆ ಲೆಕ್ಕ ಹಾಕಿ. ಇಂಗ್ಲೆಂಡಿನವರಿಗೆ ನಾಲ್ಕು ವರ್ಷದ ಕೋರ್ಸಾದರೆ ಮೊದಲ ವರ್ಷದ ಫೀಸಿನಲ್ಲಿ 3,465 ಪೌಂಡ್ ಕೈಯಿಂದ ಕಟ್ಟಬೇಕು, ಮಿಕ್ಕಿದ್ದಕ್ಕೆ ಸಾಲ ಸಿಗುತ್ತದೆ. ಎರಡನೇ ವರ್ಷದಿಂದ ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಫೀಸಿನ ಒಂದು ಪಾಲು ಕೊಡುತ್ತದೆ. ಐದು ವರ್ಷದ ಕೋರ್ಸಿಗೆ ಎರಡನೇ ಡಿಗ್ರಿ ಅಂತ ಫೀಸಿನ ಸಾಲವೇ ಇಲ್ಲ. ಮೊದಲ ನಾಲ್ಕು ವರ್ಷ ಪೂರ್ತಿ ನಿಮ್ಮದೇ. 2025-26ರ ಫೀಸು 9,535 ಪೌಂಡ್, ಅಂದರೆ ನಾಲ್ಕು ವರ್ಷಕ್ಕೆ 38 ಸಾವಿರ ದಾಟಿತು. ಬೈಪಾಸ್ ಆದ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಬಿಎಸ್ಸಿ ಬಯೋಟೆಕ್ನಾಲಜಿ, 54 ಪರ್ಸೆಂಟ್. ಬ್ರಿಟನ್ನಿನಲ್ಲಿ ನಾಲ್ಕೇ ವರ್ಷದಲ್ಲಿ ಡಾಕ್ಟರ್ ಆಗಬಹುದಂತೆ. ಓದಿ ಬಂದು ಇಲ್ಲೇ ಪ್ರಾಕ್ಟೀಸ್ ಮಾಡಬಹುದಾ?

ಉತ್ತರ: ಆ ಯೋಚನೆ ಬಿಟ್ಟುಬಿಡಿ, ತಮ್ಮಾ. ವಿದೇಶದಲ್ಲಿ ಓದಿದವರಿಗೆ ನಮ್ಮ ನ್ಯಾಷನಲ್ ಮೆಡಿಕಲ್ ಕಮಿಷನ್ 2021ರಲ್ಲಿ ಮಾಡಿದ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು. ನಾಲ್ಕು ವರ್ಷ ಅಂದರೆ 48 ತಿಂಗಳು. ಅಲ್ಲೇ ಕೆಲಸ ಕೆಟ್ಟಿತು. ಜೊತೆಗೆ ವಿದೇಶಿ ವಿದ್ಯಾರ್ಥಿಗಳ ಫೀಸು ಬ್ರಿಟನ್ನಿನವರು ಕಟ್ಟುವುದಕ್ಕಿಂತ ಹಲವು ಪಟ್ಟು ಜಾಸ್ತಿ. ಹೊರಗೆ ಓದಲು ಹೊರಟರೂ ನೀಟ್ ಪಾಸಾಗಲೇಬೇಕು.

ನೀಟ್ ಹೇಗೂ ಬರೆಯಬೇಕು ಅಂದಮೇಲೆ ಭಾರತದ ಸೀಟಿಗೇ ಬರೆಯಿರಿ. ಎಂಬಿಬಿಎಸ್‌ಗೆ ನಿಮ್ಮ ಬಿಎಸ್ಸಿಯ 54 ಅನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಬೇಕಿರುವುದು ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ 50 ಪರ್ಸೆಂಟ್. ಎಸ್‌ಸಿ, ಎಸ್‌ಟಿ, ಒಬಿಸಿಗೆ 40. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲೇ ತೆಗೆದರು. ಮೊದಲು ಆ ಪಿಯುಸಿ ಅಂಕಪಟ್ಟಿ ಹುಡುಕಿ, ಮೂರೂ ಕೂಡಿಸಿ ನೋಡಿ. ಎಷ್ಟಾಯಿತು ಅಂತ ಬರೆದರೆ ಮುಂದಿನದು ಮಾತಾಡೋಣ.