ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ: ಉಚಿತ ಮುಕ್ತ ಪುಸ್ತಕಗಳಿಂದ ಖರ್ಚು ಉಳಿಯುತ್ತದೆಯೇ?

ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಖಂಡಿತ ಉಳಿಯುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಎಂಬ ಉಚಿತ ಪಠ್ಯಪುಸ್ತಕ ಯೋಜನೆಯ ಪುಸ್ತಕಗಳನ್ನು ಬರೆಸುವ ಖರ್ಚು ದಾನದ ಹಣದಲ್ಲಿ ಮೊದಲೇ ತೀರಿರುತ್ತದೆ. ಇಳಿಸಿಕೊಂಡು ನಕಲು ಮಾಡಿಕೊಳ್ಳಲು ಪರವಾನಗಿಯಲ್ಲೇ ಅನುಮತಿ ಇದೆ. ನಿಮಗೆ ಬೀಳುವುದು ಝೆರಾಕ್ಸ್ ಖರ್ಚು ಮಾತ್ರ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್‌ನ ಐದು ಮಾಡ್ಯೂಲ್‌ಗಳನ್ನು ಎದುರಿಗಿಟ್ಟುಕೊಂಡು ಬೇಕಾದ ಅಧ್ಯಾಯಗಳನ್ನಷ್ಟೇ ಗುರುತಿಸಿ, ಎರಡೂ ಬದಿಗೆ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ. ಇಡೀ ಪುಸ್ತಕ ಹಾಕಿಸಿದರೆ ಸೆಕೆಂಡ್ ಹ್ಯಾಂಡ್ ಪುಸ್ತಕಕ್ಕಿಂತ ದುಬಾರಿಯಾದೀತು. ಅಂಗಡಿಯವರಿಗೆ ಪಿಡಿಎಫ್ ತೋರಿಸುವ ಪುಟಸಂಖ್ಯೆ ಹೇಳಿ, ಹಾಳೆಯ ಮೇಲೆ ಅಚ್ಚಾಗಿರುವುದನ್ನಲ್ಲ. ಮುನ್ನುಡಿ, ಪರಿವಿಡಿಯ ಪುಟಗಳಿಂದಾಗಿ ಎರಡೂ ತಾಳೆಯಾಗುವುದಿಲ್ಲ. ತಪ್ಪು ಪುಟ ಬಂದರೂ ದುಡ್ಡು ಕೊಡಬೇಕಾದವರು ನೀವೇ.

ಬ್ರಾಂಚ್ ವಿಷಯಗಳಿಗೆ ಎನ್‌ಪಿಟಿಇಎಲ್ (ಐಐಟಿಗಳು ನಡೆಸುವ ಉಚಿತ ಆನ್‌ಲೈನ್ ಪಾಠಗಳ ತಾಣ) ಉಪನ್ಯಾಸಗಳಿವೆ. ಪರೀಕ್ಷೆಗೆ ಮಾತ್ರ ವಿಟಿಯು ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಬಿಡಿಸಿ.