"ಬಾರೋ ಮೇಷ್ಟ್ರೇ": ಒಂದು ಆಪ್ತಸಲಹೆ ಪ್ರಕರಣ

ಇದು ಮೈಸೂರಿನ ಪ್ರಕರಣ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ವಯಸ್ಸು, ಬಡಾವಣೆ, ಮನೆಯವರ ವಿವರ ಎಲ್ಲ ಗುರುತು ಸಿಗದ ಹಾಗೆ ಬದಲಾಗಿವೆ. ಹೆಸರು ಬೇಡ, ಮೇಷ್ಟ್ರು ಅಂತಲೇ ಕರೆಯುತ್ತೇನೆ. ಅವರ ಬೀದಿಯೆಲ್ಲ ಅವರನ್ನು ಹಾಗೇ ಕರೆಯುತ್ತದೆ.

ಮೇಷ್ಟ್ರನ್ನು ಕರೆತಂದವರು ಅವರ ಮಗಳು. "ಅಪ್ಪ ಮೂರು ವಾರದಿಂದ ಪಾರ್ಕಿಗೆ ಹೋಗ್ತಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಕೂತಿರ್ತಾರೆ. ಕೇಳಿದ್ರೆ ಏನಿಲ್ಲ ಅಂತಾರೆ" ಅಂದರು. ಮೇಷ್ಟ್ರಿಗೆ ಎಪ್ಪತ್ತರ ಆಸುಪಾಸು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕನ್ನಡ ಕಲಿಸಿದವರು. ಹೆಂಡತಿ ತೀರಿಕೊಂಡು ಎರಡು ವರ್ಷ. ಊಟ ಸೇರುತ್ತಿತ್ತು, ಪೇಪರ್ ಓದುತ್ತಿದ್ದರು. ನಿದ್ದೆ ಮಾತ್ರ ಕೆಟ್ಟಿತ್ತು. ಮನೋವೈದ್ಯರ ಹತ್ತಿರ ಕಳಿಸಬೇಕಾದಂಥದ್ದು ನನಗೇನೂ ಕಾಣಲಿಲ್ಲ.

ವಿಷಯ ಬಾಯಿಗೆ ಬರಲು ಎರಡನೇ ಭೇಟಿಯೇ ಬೇಕಾಯಿತು.

ಅವರ ಬಡಾವಣೆಯ ಪಾರ್ಕಿನಲ್ಲಿ ನಿವೃತ್ತರ ಒಂದು ಗುಂಪಿದೆ. ಏಳೆಂಟು ಜನ. ಭಾನುವಾರ ಸಂಜೆ ಕಲ್ಲುಬೆಂಚುಗಳ ಮೇಲೆ ಕೂತು ಹೊರಗಿನಿಂದ ಬಂದ ಕೆಲಸಗಾರರ ಜೊತೆ ಕನ್ನಡದಲ್ಲಿ ಹರಟುತ್ತಾರೆ. ಪಾಠ ಅಂತ ಏನಿಲ್ಲ, ಪುಸ್ತಕವೂ ಇಲ್ಲ. ಒಬ್ಬ ಹಿರಿಯರಿಗೆ ಒಬ್ಬರೋ ಇಬ್ಬರೋ. ಅಸ್ಸಾಮಿನಿಂದ ಹೋಟೆಲ್ ಕೆಲಸಕ್ಕೆ ಬಂದವರು, ಬಿಹಾರದ ಸೆಕ್ಯುರಿಟಿಯವರು, ಒಡಿಶಾದ ಟೈಲ್ಸ್ ಕೆಲಸದವರು. ನಮ್ಮ ಮೇಷ್ಟ್ರ ಪಾಲಿಗೆ ಬಂದಿದ್ದು ಟೈಲ್ಸ್ ಹಾಕುವ ಇಪ್ಪತ್ತೆರಡರ ಒಬ್ಬ ಹುಡುಗ.

ಹುಡುಗ ಚುರುಕು. 'ಕೇಳು', 'ಹಳ್ಳಿ', 'ಬಾಳೆಹಣ್ಣು' ಎಲ್ಲ ಮೊದಲ ದಿನವೇ ಸರಿಯಾಗಿ ಅಂದನಂತೆ. ಹಿಂದಿಯವರಿಗೆ ನಾಲಿಗೆ ಹೊರಳದ ಈ ಳಕಾರ ಒಡಿಯಾದಲ್ಲಿ ಇದ್ದೇ ಇದೆ. ಅವನ ಕಷ್ಟ ಬೇರೆ. ಎ-ಏ, ಒ-ಓ ಅಂತ ಗಿಡ್ಡ-ಉದ್ದದ ಭೇದ ಅವನ ಭಾಷೆಯಲ್ಲಿ ಇಲ್ಲ. ಹಾಗಾಗಿ ಬೆಳೆಯೂ ಬೇಳೆಯೂ ಅವನಿಗೆ ಒಂದೇ. ಮೇಷ್ಟ್ರು ಪ್ರತಿ ಸಲ ನಿಲ್ಲಿಸಿ ತಿದ್ದುತ್ತಿದ್ದರು. ಅಂಗಡಿಯಲ್ಲಿ 'ತೊಗರಿ ಬೆಳೆ' ಅಂದರೂ ಬೇಳೆಯೇ ಕಟ್ಟಿಕೊಡುತ್ತಾರೆ ಅಲ್ವಾ ಅಂತ ನಾನು ಅಂದಾಗ ಮೇಷ್ಟ್ರಿಗೆ ಸಿಟ್ಟೇ ಬಂತು. ಇನ್ನೊಂದು ಸಲ ಅವನು 'ವತ್ತಾರೆ ಬತ್ತೀನಿ' ಅಂದನಂತೆ. ಜೊತೆಗೆ ಕೆಲಸ ಮಾಡುವ ಮಂಡ್ಯದವರಿಂದ ಕಲಿತದ್ದು. "ಅದು ಕನ್ನಡವಲ್ಲ, ಬೆಳಿಗ್ಗೆ ಬರುತ್ತೇನೆ ಅನ್ನು" ಎಂದು ಮೇಷ್ಟ್ರು ಹತ್ತು ಸಲ ಹೇಳಿಸಿದರು. ಮದ್ದೂರು ಕಡೆಯ ನಮ್ಮಜ್ಜಿ ಸಾಯುವ ತನಕ 'ವತ್ತಾರೆ' ಅಂತಲೇ ಅಂದವರು. ನಾನು ಸುಮ್ಮನಿದ್ದೆ.

ಆ ಭಾನುವಾರ ಬಿಸಿಲು ಜಾಸ್ತಿ ಇತ್ತು. ಮರದ ನೆರಳಿನ ಬೆಂಚು ಖಾಲಿಯಾದದ್ದೇ ಹುಡುಗ ಓಡಿಹೋಗಿ ಜಾಗ ಹಿಡಿದ. ಟವೆಲ್‌ನಿಂದ ಧೂಳು ಒರೆಸಿ ಅಲ್ಲಿಂದಲೇ ಕೂಗಿದ: "ಏಯ್ ಮೇಷ್ಟ್ರೇ, ಬಾರೋ, ಇಲ್ಲಿ ಕೂತ್ಕೋ!"

ಅಕ್ಕಪಕ್ಕದವರು ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. "ಮರ್ಯಾದೆ ಗೊತ್ತಿಲ್ಲದವನಿಗೆ ಭಾಷೆ ಕಲಿಸಿ ಏನು ಪ್ರಯೋಜನ" ಅಂತ ಎಲ್ಲರೆದುರು ಬೈದು ಮನೆಗೆ ಹೊರಟುಬಿಟ್ಟರು. ಮುಂದಿನ ಭಾನುವಾರ ಹುಡುಗ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆಮೇಲೆ ಮೇಷ್ಟ್ರೂ ನಿಲ್ಲಿಸಿದರು.

ಹುಡುಗ ಪ್ರೀತಿಯಿಂದಲೇ ಕರೆದದ್ದು ಅಂತ ಅವರಿಗೆ ಅವತ್ತು ರಾತ್ರಿಯೇ ಗೊತ್ತಾಗಿತ್ತು. ಎರಡು ಗಂಟೆಗೆ ಎದ್ದು ಕೂರುತ್ತಿದ್ದದ್ದು ಅದಕ್ಕೇ. "ಧೂಳು ಒರೆಸಿದ್ನಮ್ಮಾ, ಅವನದೇ ಟವೆಲ್‌ನಲ್ಲಿ" ಅಂತ ಎರಡು ಮೂರು ಸಲ ಹೇಳಿದರು. ಆದರೂ ಆ 'ಬಾರೋ' ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ನಾನು ಒಂದು ಪ್ರಶ್ನೆ ಕೇಳಿದೆ. "ದಿನವಿಡೀ ಅವನ ಹತ್ತಿರ ಯಾರ್‍ಯಾರು ಕನ್ನಡ ಮಾತಾಡ್ತಾರೆ? ಬೆಳಗಿನಿಂದ ಹೇಳಿ."

ಮೇಷ್ಟ್ರು ಬೆರಳು ಮಡಿಸುತ್ತಾ ಹೋದರು. ಮೇಸ್ತ್ರಿ: 'ಏಯ್, ಬೇಗ ಬಾರೋ'. ಸಿಮೆಂಟ್ ಇಳಿಸುವವರು: 'ಹಿಡ್ಕೊಳೋ ಆ ಕಡೆ'. ಟೀ ಅಂಗಡಿ: 'ಏನ್ ಬೇಕೋ ನಿಂಗೆ'. ಬಸ್ಸಿನಲ್ಲಿ: 'ಒಳಗೆ ಹೋಗೋ'. ರೂಮಿನ ಓನರ್: 'ಬಾಡಿಗೆ ಯಾವಾಗ ಕೊಡ್ತೀಯ'. ಅಷ್ಟಕ್ಕೆ ಬೆರಳು ನಿಂತಿತು.

"ಮತ್ತೆ ನೀವು?" ಅಂದೆ.

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಬಾರಪ್ಪ, ಕೂತ್ಕೋ ಅಂತೀನಿ" ಅಂದರು.

'ಬನ್ನಿ', 'ಕೂತ್ಕೊಳ್ಳಿ' ಅವನ ಕಿವಿಗೆ ಬಿದ್ದಿರಲೇಬೇಕು. ಆದರೆ ಅವು ಬೇರೆಯವರಿಗೆ ಹೇಳಿದ ಮಾತು. ಮೇಸ್ತ್ರಿ ಎಂಜಿನಿಯರಿಗೆ ಅಂದದ್ದು, ಟೀ ಅಂಗಡಿಯವನು ಕಾರಿನವರಿಗೆ ಅಂದದ್ದು. ತನ್ನ ಕಡೆ ತಿರುಗಿ ಯಾರೂ ಒಂದು ದಿನವೂ 'ಬನ್ನಿ' ಅನ್ನದೇ ಇದ್ದರೆ ಅದನ್ನು ಎಲ್ಲಿ, ಯಾರಿಗೆ ಬಳಸಬೇಕು ಅಂತ ಹೇಗೆ ಗೊತ್ತಾಗಬೇಕು? ಹಾಗಂತ ಒಡಿಯಾದವನಿಗೆ ಮರ್ಯಾದೆಯ ಭಾಷೆ ಗೊತ್ತಿಲ್ಲ ಅಂತಲ್ಲ. ನಮ್ಮಲ್ಲಿ ನೀನು, ನೀವು ಎರಡಿದ್ದರೆ ಅವರಲ್ಲಿ 'ತು', 'ತುಮೆ', 'ಆಪಣ' ಅಂತ ಮೂರಿವೆ. ಇದನ್ನು ಹೇಳಿದಾಗ ಮೇಷ್ಟ್ರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದರು. ಅಂಥ ವಿಷಯ ಅವರಿಗೆ ಇಷ್ಟ. ಕನ್ನಡಕ್ಕೆ 2008ರಲ್ಲಿ ಸಿಕ್ಕ ಶಾಸ್ತ್ರೀಯ ಸ್ಥಾನಮಾನ ಒಡಿಯಾಗೆ 2014ರಲ್ಲಿ ಸಿಕ್ಕಿತು ಅಂತ ಅವರೇ ನನಗೆ ಹೇಳಿದರು.

(ಅಂದ ಹಾಗೆ, ನಾನೂ ಇಲ್ಲಿ ಹುಡುಗನನ್ನು 'ಅವನು' ಅಂತಲೇ ಬರೆಯುತ್ತಿದ್ದೇನೆ. ಬದಲಿಸೋಣ ಅಂತ ಹೊರಟೆ, ಕೈ ಬರಲಿಲ್ಲ.)

ಒಂದು ಪದಕ್ಕೆ ಮನುಷ್ಯ ಇಷ್ಟು ನೋಯುತ್ತಾನೆಯೇ? ಮೂರನೇ ಭೇಟಿಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಅದೇ ತಿಂಗಳು ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದರಂತೆ. ಕೌಂಟರಿನ ಹುಡುಗ ತಲೆ ಎತ್ತದೆ "ತಾತ, ಆ ಕಡೆ ಹೋಗು" ಅಂದ. ಅಪ್ಪಟ ಕನ್ನಡದ ಹುಡುಗ. ಅವನಿಗೆ ಏನೂ ಅನ್ನದೆ ಆ ಕಡೆ ಹೋದರು. ಮೂವತ್ತು ವರ್ಷ 'ಸರ್, ಬನ್ನಿ ಸರ್' ಕೇಳಿದ ಕಿವಿ. ಮನೆಯಲ್ಲಿ 'ಬನ್ನಿ, ಊಟಕ್ಕೆ ಏಳಿ' ಅನ್ನುತ್ತಿದ್ದ ಹೆಂಡತಿಯೂ ಈಗಿಲ್ಲ. ಬ್ಯಾಂಕಿನವನಿಗೆ ಅನ್ನಬೇಕಾಗಿದ್ದನ್ನು ಪಾರ್ಕಿನ ಹುಡುಗನಿಗೆ ಅಂದಿದ್ದರು. ಇದನ್ನು ನಾನು ಬಿಡಿಸಿ ಹೇಳಲಿಲ್ಲ. ಬ್ಯಾಂಕಿನ ಕತೆ ಮುಗಿಸಿ ಅವರೇ "ಇಬ್ಬರಿಗೂ ಏಕವಚನವೇ ಗತಿ ಅನ್ನಿ" ಅಂತ ನಕ್ಕರು. ನನ್ನೆದುರು ಅವರು ನಕ್ಕದ್ದು ಅದೇ ಮೊದಲು.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು, ಬೇರೆಯವರ ಕೈಲಿ ಹೇಳಿಕಳಿಸದೆ ತಾವೇ ಹೋಗಿ ಹುಡುಗನನ್ನು ಕಾಣುವುದು. ಅವನಿಗೆ ಅರ್ಥವಾಗುವಷ್ಟೇ ಕನ್ನಡದಲ್ಲಿ, "ಅವತ್ತು ನಾನು ಬೈದೆ. ತಪ್ಪಾಯ್ತು. ಭಾನುವಾರ ಬನ್ನಿ" ಅನ್ನುವುದು. ಆ ಕೊನೆಯ ಪದದ ಮೇಲೆ ನಮಗಿಬ್ಬರಿಗೂ ದೊಡ್ಡ ಜಗಳ. "ಮೊಮ್ಮಗನ ವಯಸ್ಸಿನವನಿಗೆ ಬನ್ನಿ ಹೋಗಿ ಅನ್ಬೇಕಾ? ನಮ್ಮಲ್ಲಿ ಚಿಕ್ಕವರಿಗೆ ಏಕವಚನ ಅಂದ್ರೆ ಅದು ಪ್ರೀತಿ ಕಣಮ್ಮಾ." ನಿಜ, ನಮ್ಮಪ್ಪ ನನಗೆ ಬಹುವಚನ ಹಚ್ಚಿದರೆ ನನಗೆ ಭಯವಾಗುತ್ತೆ. ಅದಕ್ಕೇ ರಾಜಿಯಾದೆವು. ಪಾರ್ಕಿನ ಒಂದು ಗಂಟೆ ಮಾತ್ರ ಬಹುವಚನ. ಗಂಟೆ ಮುಗಿದ ಮೇಲೆ 'ಹೋಗ್ಬಾರಪ್ಪ' ಅಂತ ಬೆನ್ನು ತಟ್ಟಬಹುದು. ಎರಡೂ ಕಿವಿಗೆ ಬಿದ್ದರೆ ಅಲ್ವಾ ಬೇರೆ ಅಂತ ತಿಳಿಯೋದು.

ಮಾತಿನ ನಡುವೆ ತಿದ್ದಬೇಡಿ ಅಂತಲೂ ಹೇಳಿದೆ. ಅವನು 'ಬೆಳೆ ಸಾರು ಮಾಡಿದೆ' ಅಂದರೆ 'ಓ, ಬೇಳೆ ಸಾರು ಮಾಡಿದ್ರಾ? ಹುಣಸೆಹಣ್ಣು ಹಾಕಿದ್ರಾ?' ಅಂತ ಮುಂದಕ್ಕೆ ಹೋಗುವುದು. ಸರಿಯಾದದ್ದು ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. ಮೇಷ್ಟ್ರು ಒಪ್ಪಲಿಲ್ಲ. ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲಿ ಹೊರರಾಜ್ಯದ ಮೇಷ್ಟ್ರುಗಳನ್ನು ಹತ್ತು ತಿಂಗಳು ಕೂರಿಸಿ ಕನ್ನಡ ಕಲಿಸುತ್ತಾರೆ, ಅಲ್ಲಿ ತಿದ್ದದೇ ಬಿಡುತ್ತಾರೆಯೇ ಅಂತ ವಾದಿಸಿದರು. ಅವರಿಗೆ ದಿನಕ್ಕೆ ಎಷ್ಟೋ ಗಂಟೆ ಸಿಗುತ್ತೆ, ನಿಮಗೆ ವಾರಕ್ಕೆ ಒಂದೇ ಅಂದೆ.

ಕೊನೆಯದು, ಹದಿನೈದು ನಿಮಿಷ ಅವನ ಹತ್ತಿರ ಒಡಿಯಾ ಕಲಿಯುವುದು. ಇದು ಮಾತ್ರ ಅವರಿಗೆ ಕೂಡಲೇ ಹಿಡಿಸಿತು.

ಮಗಳಿಗೂ ಒಂದು ಮಾತು ಹೇಳಿದೆ. "ಯಾರೋ ಕೂಲಿ ಹುಡುಗ, ಬಿಟ್ಹಾಕಿ ಅಪ್ಪ" ಅಂತ ಸಮಾಧಾನ ಮಾಡುತ್ತಿದ್ದರು. ಅದನ್ನು ನಿಲ್ಲಿಸಿ ಅಂದೆ.

ಹುಡುಗ ತಕ್ಷಣ ಬರಲಿಲ್ಲ. ಮೇಷ್ಟ್ರು ಎರಡು ಸಲ ಸೈಟಿಗೆ ಹೋದರು. ಮೊದಲ ಸಲ ಮೇಸ್ತ್ರಿ ಒಳಗೇ ಬಿಡಲಿಲ್ಲ. ಎರಡನೇ ಸಲ ಸಿಕ್ಕಿದ. 'ಮರ್ಯಾದೆ' ಅನ್ನುವ ಪದ ಅವನಿಗೆ ಸೈಟಿನಲ್ಲೇ ಗೊತ್ತಿತ್ತಂತೆ, ಬೈಯುವಾಗ ಕೇಳುವ ಪದ. ಮೇಷ್ಟ್ರು ಇನ್ನು ಸೇರಿಸಲ್ಲ ಅಂದುಕೊಂಡು ಪಾರ್ಕಿನ ಹಿಂದಿನ ರಸ್ತೆಯಲ್ಲಿ ಓಡಾಡುತ್ತಿದ್ದನಂತೆ.

ಈಗ ಮತ್ತೆ ಭಾನುವಾರ ನಡೆಯುತ್ತಿದೆ. ಒಡಿಯಾ ಪಾಠದಲ್ಲಿ ಮೇಷ್ಟ್ರದೇ ಪೇಚಾಟ. ಮನೆಗೆ ಒಡಿಯಾದವರು 'ಘರ' ಅಂತ ಬರೆದು 'ಘೊರೊ' ಅನ್ನುತ್ತಾರೆ, ಮೇಷ್ಟ್ರ ಬಾಯಲ್ಲಿ ಅದು 'ಘರ'ವೇ. ಹುಡುಗ ತಿದ್ದುವುದಿಲ್ಲ, ನಗುತ್ತಾನೆ. ಬೇಸಿಗೆಯಲ್ಲಿ ಅವರು ತಿನ್ನುವ 'ಪಖಾಳ' ನಮ್ಮ ನೀರು ಹಾಕಿಟ್ಟ ತಂಗಳನ್ನವೇ ಅಂತ ಗೊತ್ತಾದ ದಿನ ಇಬ್ಬರೂ ಒಂದು ಗಂಟೆ ಊಟದ ಬಗ್ಗೆಯೇ ಮಾತಾಡಿದರಂತೆ. ತಿದ್ದುವ ಚಾಳಿ ಪೂರ್ತಿ ಬಿಟ್ಟಿಲ್ಲ. 'ವತ್ತಾರೆ' ಕಿವಿಗೆ ಬಿದ್ದರೆ ಈಗಲೂ ಮುಖ ಸಿಂಡರಿಸುತ್ತಾರೆ. ನಿದ್ದೆ ವಾರದಲ್ಲಿ ಐದು ದಿನ ಚೆನ್ನಾಗಿದೆ.

ಆರನೇ ಭೇಟಿ ಬೇಡ ಅನ್ನಲು ಮೇಷ್ಟ್ರು ಫೋನ್ ಮಾಡಿದ್ದರು. ಹಿಂದಿನ ಭಾನುವಾರ ಬೆಂಚಿನ ಮೇಲೆ ಒಂದು ಬೀದಿನಾಯಿ ಮಲಗಿತ್ತಂತೆ. ಹುಡುಗ ಅದರ ಮುಂದೆ ನಿಂತು, ಕೈ ಮುಂದೆ ಮಾಡಿ, "ಏಳಿ, ಸ್ವಲ್ಪ ಆ ಕಡೆ ಹೋಗಿ" ಅಂದನಂತೆ.

"ತಿದ್ದಿದ್ರಾ?" ಅಂತ ಕೇಳಿದೆ.

"ನಾಯಿ ಎದ್ದು ಹೋಯ್ತು ಕಣಮ್ಮಾ. ಇನ್ನೇನು ತಿದ್ದೋದು?"