ಆಟಿಯಲ್ಲಿ ವರಮಹಾಲಕ್ಷ್ಮಿ ವ್ರತ ಮಾಡಬಹುದೇ?

ಪ್ರಶ್ನೆ: ನನ್ನ ತವರು ದಾವಣಗೆರೆ. ಮದುವೆಯಾಗಿ ಬದಿಯಡ್ಕದ ಹತ್ತಿರ ಬಂದು ಎರಡು ವರ್ಷ ಆಯ್ತು. 2025ರಲ್ಲಿ ವರಮಹಾಲಕ್ಷ್ಮಿ ವ್ರತ ಆಗಸ್ಟ್ 8ಕ್ಕೆ ಬಂದಿತ್ತು. ಕಲಶಕ್ಕೆ ಎಲ್ಲ ಜೋಡಿಸಿಕೊಂಡಿದ್ದೆ. ಅತ್ತೆ "ಇದು ಆಟಿ, ಸೋಣ ಬರಲಿ" ಅಂದರು. ಅಮ್ಮ ಫೋನಿನಲ್ಲಿ "ಶ್ರಾವಣ ಶುರುವಾಗಿ ಎರಡು ವಾರ ಆಯ್ತಲ್ಲ" ಅಂದರು. ಪಕ್ಕದ ಮನೆಯ ಮಲಯಾಳಿ ಚೇಚಿ "ಇನ್ನೂ ಕರ್ಕಟಕಂ" ಅಂದರು. ಕೊನೆಗೆ ವ್ರತ ಮಾಡಲೇ ಇಲ್ಲ. ಇವತ್ತಿಗೂ ಮನಸ್ಸಿಗೆ ಕಸಿವಿಸಿ. ಕೃಷ್ಣಾಷ್ಟಮಿಗೂ ಇದೇ ಗೊಂದಲವಾಯಿತು. ಯಾವ ಶ್ರಾವಣ ಸರಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ತಂಗೀ, ಮೂವರು ಹೇಳಿದ್ದೂ ಸರಿ. ಒಬ್ಬೊಬ್ಬರದು ಒಂದೊಂದು ಲೆಕ್ಕ, ಅಷ್ಟೇ.

ನಮ್ಮ ಕಾಸರಗೋಡಿನ ಮನೆಗಳ ಗೋಡೆ ನೋಡಿ. ಒಂದು ಮೊಳೆಗೆ ಮಲಯಾಳಂ ಕ್ಯಾಲೆಂಡರ್, ಇನ್ನೊಂದಕ್ಕೆ ಕನ್ನಡದ್ದು, ದೇವರ ಕೋಣೆಯಲ್ಲಿ ಪಂಚಾಂಗ. ನಿಮ್ಮ ತವರಲ್ಲಿ ತಿಂಗಳನ್ನು ಚಂದ್ರನಿಂದ ಎಣಿಸುತ್ತಾರೆ. ಅಮಾವಾಸ್ಯೆ ಮುಗಿದ ಮರುದಿನ ಹೊಸ ತಿಂಗಳು. ಇಲ್ಲಿ ಎಣಿಸುವುದು ಸೂರ್ಯನಿಂದ. ಸಂಕ್ರಮಣ ಆದರೆ ತಿಂಗಳು ಬದಲಾಯಿತು. ತುಳುವರ ಆಟಿ, ಮಲಯಾಳಿಗಳ ಕರ್ಕಟಕಂ ಎರಡೂ ಒಂದೇ ಕರ್ಕಾಟಕ ಮಾಸ. ಸೋಣ, ಚಿಂಙಂ ಎರಡೂ ಸಿಂಹ ಮಾಸ. 2025ರಲ್ಲಿ ಚಾಂದ್ರಮಾನದ ಶ್ರಾವಣ ಜುಲೈ 25ಕ್ಕೇ ಶುರುವಾಯಿತು. ಸಿಂಹ ಮಾಸ ಬಂದದ್ದು ಆಗಸ್ಟ್ 17ಕ್ಕೆ. ನಡುವಿನ 23 ದಿನ ನಿಮ್ಮ ಅಮ್ಮನಿಗೆ ಶ್ರಾವಣ, ಅತ್ತೆಗೆ ಆಟಿ.

ಈಗ ವ್ರತದ ಮಾತಿಗೆ ಬರೋಣ. ಹಲವು ಮನೆಗಳಲ್ಲಿ ಹೇಳಿ ಹೇಳಿ ನನಗೆ ರೂಢಿಯಾದ ಮಾತು ಇದು: ಮೊದಲು "ಈ ವ್ರತ ಯಾರ ಲೆಕ್ಕದ್ದು" ಅಂತ ಕೇಳಿ. ಚಂದ್ರನದೋ, ಸೂರ್ಯನದೋ? ವರಮಹಾಲಕ್ಷ್ಮಿ ವ್ರತ ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರದ್ದು. ಶ್ರಾವಣವೂ ಚಂದ್ರನದು, ಹುಣ್ಣಿಮೆಯೂ ಚಂದ್ರನದು. ಅಲ್ಲಿ ಸೋಣ ಬಂತೋ ಇಲ್ಲವೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಆಗಸ್ಟ್ 8ಕ್ಕೆ ನೀವು ಧಾರಾಳವಾಗಿ ಕಲಶ ಇಡಬಹುದಿತ್ತು.

ಆಟಿಯಲ್ಲಿ ಒಳ್ಳೆ ಕೆಲಸ ಮಾಡಬಾರದು ಅಂತ ಅತ್ತೆ ಹೇಳಿದ್ದು ಸುಮ್ನೆ ಅಲ್ಲ. ಮದುವೆ, ಗೃಹಪ್ರವೇಶ, ಉಪನಯನ ಈ ತಿಂಗಳಲ್ಲಿ ಇಡುವುದಿಲ್ಲ. ಜಡಿಮಳೆ, ಹಿಂದೆ ಮನೆಯಲ್ಲಿ ಅಕ್ಕಿ ಮುಗಿಯುವ ಕಾಲ, ನೆಂಟರನ್ನು ಕರೆದು ಊಟ ಹಾಕುವ ಸ್ಥಿತಿ ಇರಲಿಲ್ಲ. ಹೊಸ ಮದುಮಗಳು ತವರಿಗೆ ಹೋಗಿ ಆಟಿ ಕೂರುತ್ತಿದ್ದದ್ದೂ ಈ ತಿಂಗಳಲ್ಲೇ. ಆದರೆ ಈ ನಿಷೇಧ ಇರುವುದು ಹೊಸ ಶುಭಕಾರ್ಯಕ್ಕೆ. ಪೂಜೆಗೆ, ವ್ರತಕ್ಕೆ ಅಲ್ಲ. ಅದೇ ವರ್ಷ ಜುಲೈ 29ಕ್ಕೆ ನಾಗರ ಪಂಚಮಿ ಬಂತು. ಆಟಿಯ ಮಧ್ಯದಲ್ಲೇ. ಕೊಡೆ ಹಿಡಿದುಕೊಂಡು ನಾಗಬನಕ್ಕೆ ಹೋಗಿ, ಒದ್ದೆ ಎಲೆಗಳ ಮೇಲೆ ಕಾಲಿಟ್ಟು, ನಾಗನ ಕಲ್ಲಿಗೆ ಹಾಲು, ಎಳನೀರು ಎರೆದು ಬಂದೆವಲ್ಲ! ನಿಮ್ಮ ಮನೆಯವರೂ ಹೋಗಿರುತ್ತಾರೆ. ಆಟಿ ಅಂತ ಯಾರಾದರೂ ಬಿಟ್ಟರೇ? ನಿಮ್ಮ ಚೇಚಿಯ ಮನೆಯಲ್ಲಂತೂ ಕರ್ಕಟಕಂ ಅಂದರೆ ರಾಮಾಯಣದ ತಿಂಗಳು. ಸಂಜೆ ದೀಪ ಹಚ್ಚಿ ದಿನಾ ಓದುತ್ತಾರೆ.

ಅತ್ತೆಯ ಹತ್ತಿರ ವಾದ ಮಾಡಲು ಹೋಗಬೇಡಿ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕೊಡುವವರು ಅವರೇ ಅಲ್ವಾ? ಆಗ ಮೆಲ್ಲಗೆ ಮಾತು ತೆಗೆಯಿರಿ. ಆಟಿ ಸೂರ್ಯನ ತಿಂಗಳು, ಅಮಾವಾಸ್ಯೆ ಚಂದ್ರನ ತಿಥಿ. ಎರಡು ಲೆಕ್ಕವನ್ನೂ ಒಟ್ಟಿಗೆ ಇಟ್ಟುಕೊಂಡೇ ನಮ್ಮ ಹಿರಿಯರು ಬದುಕಿದ್ದು. ಅವರ ಬಾಯಲ್ಲೇ ಅದು ಬರುತ್ತದೆ.

ಅಷ್ಟಮಿಯ ವಿಷಯ ಮಾತ್ರ ಬೇರೆ. ಇದರಲ್ಲಿ ಅತ್ತೆಯ ಮಾತು ನಡೆಯಬೇಕು. ಸೌರಮಾನದವರಿಗೆ ಕೃಷ್ಣಾಷ್ಟಮಿ ಸಿಂಹ ಮಾಸದಲ್ಲೇ ಆಗಬೇಕು. 2025ರ ಆಗಸ್ಟ್ 16 ನಿಮ್ಮ ತವರಲ್ಲಿ ಅಷ್ಟಮಿ. ಇಲ್ಲಿ ಅದು ಕರ್ಕಾಟಕದ ಕೊನೆಯ ದಿನ. ಒಂದೇ ಒಂದು ದಿನಕ್ಕೆ ತಪ್ಪಿತು! ಹಾಗಾಗಿ ಉಡುಪಿಯಲ್ಲೂ ಗುರುವಾಯೂರಿನಲ್ಲೂ ಸೆಪ್ಟೆಂಬರ್ 14ಕ್ಕೆ ಆಚರಿಸಿದರು. ನೀವು ಉಪವಾಸ ಇರುವುದು, ಚಂದ್ರ ಹುಟ್ಟಿದ ಮೇಲೆ ಅರ್ಘ್ಯ ಕೊಡುವುದು ಈಗಿರುವ ಮನೆಯ ದಿನಕ್ಕೇ ಇರಲಿ. ಪೂಜೆಗೆ ಕೂತಾಗ ಸಂಕಲ್ಪದಲ್ಲಿ "ಪರಶುರಾಮ ಕ್ಷೇತ್ರೇ" ಅಂತ ಊರು ಹೇಳುತ್ತೇವೆ, ಮಾಸವನ್ನೂ ಹೇಳುತ್ತೇವೆ. ಆ ಮನೆಯಲ್ಲಿ "ಸಿಂಹ ಮಾಸೇ" ಅಂದ ಮೇಲೆ ಆ ಮನೆಯವರೆಲ್ಲರಿಗೂ ಅದೇ. ತವರಿನ ದಿನವೂ ಸುಮ್ಮನೆ ಹೋಗಬಾರದು ಅನಿಸಿದರೆ ಒಂದು ಲೋಟ ಹಾಲು ನೈವೇದ್ಯ ಮಾಡಿ, ಊಟ ಬಿಡಬೇಡಿ.

ತಪ್ಪಿದ ವ್ರತಕ್ಕೆ ದೋಷ ಅಂತ ಕೊರಗಬೇಡಿ. ತಪ್ಪಿದವರು ಶ್ರಾವಣದ ಬೇರೆ ಶುಕ್ರವಾರ ಮಾಡುವ ರೂಢಿ ಮೊದಲಿನಿಂದಲೂ ಇದೆ. 2026ರಲ್ಲಂತೂ ಅಧಿಕ ಜ್ಯೇಷ್ಠ ಅಂತ ಚಂದ್ರನ ಲೆಕ್ಕದಲ್ಲಿ ಒಂದು ತಿಂಗಳು ಹೆಚ್ಚಿಗೆ ಇರುವುದರಿಂದ ಶ್ರಾವಣ ಆಗಸ್ಟ್ 13ಕ್ಕೆ ಶುರು, ಸೋಣ ಆಗಸ್ಟ್ 17ಕ್ಕೆ. ವರಮಹಾಲಕ್ಷ್ಮಿಯೂ ಅಷ್ಟಮಿಯೂ ಸೋಣದೊಳಗೇ ಬರುತ್ತವೆ. ಅತ್ತೆಯನ್ನೇ ಕೂರಿಸಿಕೊಂಡು ಕಲಶ ಇಡಿ.

ಪ್ರಶ್ನೆ: ನನಗೆ 58 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ. ಶ್ರಾವಣ ಶನಿವಾರ, ಸೋಣ ಶನಿವಾರ ಎರಡಕ್ಕೂ ರಾತ್ರಿ ವರೆಗೆ ಏನೂ ತಿನ್ನದೆ ಒಪ್ಪತ್ತು ಮಾಡುತ್ತೇನೆ. ಈಚೆಗೆ ಮಧ್ಯಾಹ್ನ ಕೈ ನಡುಗುತ್ತದೆ. ವ್ರತ ನಿಲ್ಲಿಸಿದರೆ ದೇವರಿಗೆ ಕೋಪ ಬರುತ್ತದೆಯೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಅಣ್ಣಾ, ಕೈ ನಡುಗುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಭಾವನಿಗೆ ಹೀಗೇ ಆಗಿತ್ತು. ಸೋಣ ಶನಿವಾರ, ಬೆಳಿಗ್ಗೆ ಮಾತ್ರೆ ನುಂಗಿ ಬರೀ ಚಾ ಕುಡಿದು ದೇವಸ್ಥಾನಕ್ಕೆ ಬಂದಿದ್ದರು. ಹೊರಗೆ ಮಳೆ, ಒಳಗೆ ತಂಪು. ಅಂಗಿ ತೆಗೆದು ನಿಂತವರ ಬೆನ್ನ ಮೇಲೆ ಮಾತ್ರ ಬೆವರು ಸಾಲು ಸಾಲಾಗಿ ಇಳಿಯುತ್ತಿತ್ತು. ಕಂಬಕ್ಕೆ ಒರಗಿ ಕೂತರು, ಮಾತು ತೊದಲಿತು. ಹಿಂದೆ ಇದ್ದ ಹೆಂಗಸೊಬ್ಬರು ನೈವೇದ್ಯಕ್ಕೆ ತಂದ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿದರು. ಕಾಲು ಗಂಟೆಯಲ್ಲಿ ಎದ್ದು ಕೂತರು. ಆ ತಾಯಿ ಇಲ್ಲದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಎದೆ ಝಲ್ ಅನ್ನುತ್ತದೆ.

ಗ್ಲಿಮೆಪಿರೈಡ್‌ನಂಥ ಮಾತ್ರೆ, ಇನ್ಸುಲಿನ್ ಎರಡೂ ಹೊಟ್ಟೆ ಖಾಲಿ ಇದ್ದರೆ ರಕ್ತದ ಸಕ್ಕರೆಯನ್ನು ತೀರಾ ಕೆಳಗೆ ಇಳಿಸುತ್ತವೆ. 70ಕ್ಕಿಂತ ಕೆಳಗೆ ಹೋದರೆ ಅಪಾಯ. ನಡುಕ, ಬೆವರು, ಎದೆ ಡವಡವ, ಕಣ್ಣು ಮಂಜು ಇವೆಲ್ಲ ಅದರ ಸೂಚನೆ. ಆಗ ಪೂಜೆ ನಡೆಯುತ್ತಿದ್ದರೂ ಸರಿ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ನೀವಾಗಿಯೇ ಮಾತ್ರೆ ಬಿಡುವುದೂ ತಪ್ಪು. ಮುಂದಿನ ಶನಿವಾರಕ್ಕೆ ಮುಂಚೆ ನಿಮ್ಮ ಡಾಕ್ಟರಿಗೆ "ನಾನು ಒಪ್ಪತ್ತು ಮಾಡುವವನು" ಅಂತ ಬಾಯಿ ಬಿಟ್ಟು ಹೇಳಿ. ಹೆಚ್ಚಿನವರು ಇದನ್ನು ಹೇಳುವುದೇ ಇಲ್ಲ.

ಶಾಸ್ತ್ರದ ಮಾತಿಗೆ ಬಂದರೆ, ವ್ರತ ಕೆಡಿಸದ ಎಂಟನ್ನು ಮಹಾಭಾರತವೇ ಎಣಿಸಿದೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಬಯಕೆ, ಗುರುವಿನ ಮಾತು, ಔಷಧ. ಕೊನೆಯದನ್ನು ನೋಡಿ, ಔಷಧ! ಮಾತ್ರೆಗೆ ಬೇಕಾದ ತುತ್ತೂ ಅದರ ಜೊತೆಗೇ ಸೇರಿತು ಅಂತಲೇ ನನ್ನ ಅಭಿಪ್ರಾಯ. ಹಗಲು ಸ್ವಲ್ಪ ಸ್ವಲ್ಪ ಹಾಲು, ಹಣ್ಣು, ಬೇಯಿಸಿದ ಹೆಸರುಕಾಳು ತೆಗೆದುಕೊಳ್ಳಿ. ರಾತ್ರಿ ಒಮ್ಮೆಗೇ ಅವಲಕ್ಕಿ, ಬಾಳೆಹಣ್ಣು, ಪಾಯಸ ಅಂತ ತಿಂದರೆ ಶುಗರ್ ಮೇಲೆ ಹಾರುತ್ತದೆ, ಅದೂ ಬೇಡ.

ಇನ್ನೊಂದು. ಎರಡು ಲೆಕ್ಕದ ಶನಿವಾರ ಏಕೆ? 2025ರಲ್ಲಿ ಜುಲೈ 26ರಿಂದ ಸೆಪ್ಟೆಂಬರ್ 13ರ ವರೆಗೆ ಎಂಟು ಶನಿವಾರ ಆಯ್ತು ನಿಮಗೆ. ನಿಮ್ಮ ಮನೆ ಸೌರಮಾನದ್ದಾದರೆ ಸೋಣದ ನಾಲ್ಕು ಸಾಕು. ದೇವರಿಗೆ ಕೋಪ ಬರುವುದಿಲ್ಲ ಅಣ್ಣಾ. ಧೈರ್ಯವಾಗಿರಿ.

ಪ್ರಶ್ನೆ: ಊರಿನ ಮನೆಯಲ್ಲಿ ಅಜ್ಜಿ ಸೋಣ ತಿಂಗಳಿಡೀ ಹೊಸ್ತಿಲು ಪೂಜೆ ಮಾಡುತ್ತಿದ್ದರು. ನಾವು ಕಾಸರಗೋಡು ಪೇಟೆಯ ಫ್ಲ್ಯಾಟಿನಲ್ಲಿದ್ದೇವೆ. ಮರದ ಹೊಸ್ತಿಲಿಲ್ಲ, ಬರೀ ಕಲ್ಲಿನ ಪಟ್ಟಿ. ಮಾಡಬಹುದೇ?

ಉತ್ತರ: ಖಂಡಿತ ಮಾಡಿ. ಇದು ಸೂರ್ಯನ ಲೆಕ್ಕದ್ದು. ಸಿಂಹ ಸಂಕ್ರಮಣದಿಂದ ಕನ್ಯಾ ಸಂಕ್ರಮಣದ ವರೆಗೆ. ಬೆಳಿಗ್ಗೆ ಆ ಕಲ್ಲಿನ ಪಟ್ಟಿ ತೊಳೆದು ಒರೆಸಿ. ಶೇಡಿ (ಬಿಳಿ ಮಣ್ಣು) ಸಿಕ್ಕಿದರೆ ಗೆರೆ ಎಳೆಯಿರಿ, ಇಲ್ಲದಿದ್ದರೆ ಅಕ್ಕಿ ಹಿಟ್ಟು. ಅರಸಿನ, ಕುಂಕುಮ, ಎರಡು ಹೂ. ಈ ತಿಂಗಳು ಗುಡ್ಡೆಯ ಬದಿಯಲ್ಲಿ ತುಂಬೆ, ರಥ ಹೂ, ಕೇಪಳ ಬೇಕಾದಷ್ಟು ಇರುತ್ತವೆ. ಭಾನುವಾರ ಊರಿಗೆ ಹೋದಾಗ ಮಕ್ಕಳ ಕೈಯಲ್ಲೇ ಕೊಯ್ಸಿ ತನ್ನಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬಾಡುವುದಿಲ್ಲ.